ಚೆಂಡು ಮೊದಲೋ, ಕಾಲು ಮೊದಲೋ?

ಪ್ರಶ್ನೆ: ನಾವು ನಾರ್ತ್ ಕೆರೊಲಿನಾದಲ್ಲಿದ್ದೇವೆ. ಮಗ 10ನೇ ಕ್ಲಾಸು, ಹೈಸ್ಕೂಲ್ ಬೇಸ್‌ಬಾಲ್ ತಂಡದಲ್ಲಿ ಸೆಕೆಂಡ್ ಬೇಸ್ ಆಡುತ್ತಾನೆ. ಹೋದ ವಾರದ ಪಂದ್ಯದಲ್ಲಿ ಕೊನೆಯ ಇನ್ನಿಂಗ್ಸ್, ಎರಡು ಔಟ್ ಆಗಿತ್ತು, ನಮಗೆ ಒಂದು ರನ್ ಕಮ್ಮಿ, ಥರ್ಡ್ ಬೇಸಿನಲ್ಲಿ ನಮ್ಮ ರನ್ನರ್. ಮಗ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕೈಗೆ ಹೋಯಿತು. ಇವನು ಓಡಿ ಫಸ್ಟ್ ಬೇಸ್ ಮುಟ್ಟಿದ್ದಕ್ಕೂ ಆ ಫೀಲ್ಡರ್ ಎಸೆದ ಚೆಂಡು ಅಲ್ಲಿಗೆ ಬಂದಿದ್ದಕ್ಕೂ ಸರಿಹೋಯಿತು. ಅಂಪೈರ್ ಔಟ್ ಕೊಟ್ಟರು, ಪಂದ್ಯ ಮುಗಿಯಿತು. ಅವರು ನಿಂತಿದ್ದು ಮೈದಾನದ ನಡುವೆ, ಅಷ್ಟು ದೂರದಲ್ಲಿ! ನನ್ನ ಫೋನ್ ವಿಡಿಯೋದಲ್ಲಿ ಸೇಫ್, ಅಂದರೆ ನಾಟೌಟ್ ಅಂತಲೇ ಕಾಣುತ್ತದೆ. ಸಮ ಆದರೆ ರನ್ನರ್‌ಗೇ ಸಲ್ಲಬೇಕು ಎಂದು ಬೇರೆ ಅಪ್ಪಂದಿರೂ ಹೇಳಿದರು. ಅದಕ್ಕೆ ಮುಂಚೆ ಇನ್ನೊಂದು ವಿಚಿತ್ರ ನಡೆಯಿತು. ಅವರ ಹುಡುಗ ಸುಲಭದ ಕ್ಯಾಚ್ ಕೈಬಿಟ್ಟ, ಆದರೂ ನಮ್ಮ ಬ್ಯಾಟರ್ ಔಟ್ ಅಂದರು. ಸೆಕೆಂಡ್‌ನಿಂದ ಓಡಿದ ಇನ್ನೊಬ್ಬ ಹುಡುಗನೂ ಔಟ್. ಪಂದ್ಯಕ್ಕೆ ಮುಂಚೆ ಅಂಪೈರ್ ಎದುರು ತಂಡದ ಕೋಚ್ ಜೊತೆ ನಗುತ್ತಾ ಮಾತಾಡುತ್ತಿದ್ದರು. ತಂಡದಲ್ಲಿ ನಮ್ಮವನೊಬ್ಬನೇ ಇಂಡಿಯನ್ ಹುಡುಗ, ಅದಕ್ಕೇ ಹೀಗಾಯಿತಾ ಅನ್ನೋ ಅನುಮಾನವೂ ಇದೆ. ವಿಡಿಯೋ ಶಾಲೆಗೆ ಕಳಿಸಲಾ? ನಾನು ಬೇಲಿ ಹತ್ತಿರ ಹೋಗಿ ಕೂಗಾಡಿದೆ ಅಂತ ಮಗ "ಇನ್ನು ಮ್ಯಾಚ್‌ಗೆ ಬರಬೇಡ ಅಪ್ಪ" ಅಂದಿದ್ದಾನೆ.

ಉತ್ತರ: ನಿಮ್ಮ ಸಂಕಟ ನನಗೆ ಗೊತ್ತಾಗುತ್ತದೆ. ನ್ಯೂಜೆರ್ಸಿಯಲ್ಲಿ 16 ವರ್ಷದಿಂದ ಹೈಸ್ಕೂಲ್ ಬೇಸ್‌ಬಾಲ್ ಅಂಪೈರಿಂಗ್ ಮಾಡುತ್ತಿದ್ದೇನೆ. ನೀವು ಬೇಲಿ ಹತ್ತಿರ ಬಂದು ಕೂಗಿದಿರಲ್ಲ, ಬೇಲಿಯ ಈಚೆ ನಿಂತು ಬೆನ್ನಿಗೆ ಆ ಕೂಗು ಕೇಳಿಸಿಕೊಳ್ಳುವವನು ನಾನು. ದಾವಣಗೆರೆಯಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನಾದ್ದರಿಂದ ನಿಮ್ಮ ತಲೆ ಹೇಗೆ ಓಡುತ್ತಿದೆ ಅನ್ನುವುದೂ ಗೊತ್ತು.

ಒಂದು ಮಾತು ಮೊದಲೇ ಹೇಳುತ್ತೇನೆ. ನಿಮ್ಮ ಮಗ ಔಟೋ ಸೇಫೋ ನಾನು ಹೇಳಲಾರೆ. ವಿಡಿಯೋ ಕಳಿಸಿದರೂ ಹೇಳಲಾರೆ. ಆದರೆ ನೀವು ಕೇಳಿರುವ ಎರಡು ತೀರ್ಪುಗಳ ಜಾತಿಯೇ ಬೇರೆ. ಫಸ್ಟ್ ಬೇಸಿನಲ್ಲಿ ಆಗಿದ್ದು ಕಣ್ಣಿನ ತೀರ್ಪು. ಕ್ಯಾಚ್ ಬಿಟ್ಟದ್ದು ನಿಯಮದ ತೀರ್ಪು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಿದ್ದೀರಿ, ಅದಕ್ಕೇ ಅಷ್ಟು ಭಾರ.

ಸುಲಭದ್ದು ಮೊದಲು ನೋಡೋಣ. ಕ್ಯಾಚ್ ಬಿಟ್ಟರೂ ಔಟ್ ಅನ್ನುವುದು ಕ್ರಿಕೆಟ್ ನೋಡಿದವರಿಗೆ ಅನ್ಯಾಯ ಅನ್ನಿಸುತ್ತದೆ, ಸಹಜ. ಅದರ ಹೆಸರು ಇನ್‌ಫೀಲ್ಡ್ ಫ್ಲೈ. ಎರಡು ಔಟ್ ಆಗಿರಬಾರದು. ಫಸ್ಟ್ ಮತ್ತು ಸೆಕೆಂಡ್ ಬೇಸಿನಲ್ಲಿ ರನ್ನರ್ ಇರಬೇಕು, ಇಲ್ಲವೇ ಮೂರೂ ಬೇಸ್ ತುಂಬಿರಬೇಕು. ಆಗ ಒಳಗಿನ ಫೀಲ್ಡರ್ ಆರಾಮವಾಗಿ ಹಿಡಿಯಬಹುದಾದ ಚೆಂಡು ಮೇಲಕ್ಕೆ ಎದ್ದರೆ, ಅದು ಇನ್ನೂ ಗಾಳಿಯಲ್ಲಿರುವಾಗಲೇ ಅಂಪೈರ್ ಬ್ಯಾಟರ್ ಔಟ್ ಅನ್ನುತ್ತಾರೆ. ಹಿಡಿದರೂ ಔಟ್, ಬಿಟ್ಟರೂ ಔಟ್.

ಯಾಕೆ ಅಂದರೆ, ಈ ನಿಯಮ ಇಲ್ಲದಿದ್ದರೆ ಫೀಲ್ಡರ್ ಬೇಕಂತಲೇ ಚೆಂಡು ಕೆಳಗೆ ಹಾಕುತ್ತಾನೆ. ಕ್ಯಾಚ್ ಹಿಡಿಯುತ್ತಾನೆ ಅಂತ ರನ್ನರ್‌ಗಳು ತಮ್ಮ ಬೇಸಿಗೆ ಅಂಟಿಕೊಂಡಿರುತ್ತಾರಲ್ಲ, ಅವನು ಚೆಂಡು ಎತ್ತಿಕೊಂಡು ಒಬ್ಬರಾದ ಮೇಲೊಬ್ಬರನ್ನು ಔಟ್ ಮಾಡಿಬಿಡುತ್ತಾನೆ. ಅಂದರೆ ಈ ನಿಯಮ ಇರುವುದೇ ಬ್ಯಾಟಿಂಗ್ ಮಾಡುವವರ ಪರ! ಆದರೆ ಆಟ ಅಲ್ಲಿಗೆ ನಿಲ್ಲುವುದಿಲ್ಲ. ರನ್ನರ್ ಓಡಬಹುದು, ಓಡಿದರೆ ಹೊಣೆ ಅವನದೇ. ಸೆಕೆಂಡಿನಲ್ಲಿದ್ದ ನಿಮ್ಮ ಹುಡುಗ ಚೆಂಡು ಬಿದ್ದದ್ದು ನೋಡಿ ಗಾಬರಿಯಿಂದ ಓಡಿದ, ಅವನನ್ನು ಟ್ಯಾಗ್ ಮಾಡಿದರು, ಅಂದರೆ ಚೆಂಡು ಹಿಡಿದ ಕೈಯಿಂದ ಮುಟ್ಟಿ ಔಟ್ ಮಾಡಿದರು. ಅಂಪೈರ್ ಸರಿಯಾಗಿಯೇ ಇದ್ದರು. ಹುಡುಗರಿಗೆ ಹೇಳಿಕೊಡಬೇಕಾದ್ದು ಕೋಚ್ ಕೆಲಸ.

ಈಗ ಫಸ್ಟ್ ಬೇಸ್.

"ಸಮ ಆದರೆ ರನ್ನರ್‌ಗೆ" ಅನ್ನುವ ಮಾತು ನಿಯಮದ ಪುಸ್ತಕದಲ್ಲಿ ಎಲ್ಲೂ ಇಲ್ಲ. ರನ್ನರ್ ಮುಟ್ಟುವುದಕ್ಕೆ ಮೊದಲು ಚೆಂಡಿರುವ ಫೀಲ್ಡರ್ ಬೇಸ್ ಮುಟ್ಟಿದರೆ ಔಟ್ ಅಂತಷ್ಟೇ ಇದೆ. ಆ "ಮೊದಲು" ಅನ್ನುವುದನ್ನು ಎಳೆದಾಡಿ, ಸಮ ಆದರೆ ಮೊದಲಾಗಲಿಲ್ಲವಲ್ಲ ಅಂತ ವಾದ ಮಾಡಬಹುದು. ತರ್ಕಕ್ಕೆ ಸರಿ. ಆದರೆ ಅಂಪೈರ್ ಕಣ್ಣಿಗೆ ಸಮ ಅನ್ನುವುದು ಇಲ್ಲ. ಯಾವುದೋ ಒಂದು ಮೊದಲು ಆಗಿರುತ್ತದೆ, ಯಾವುದು ಅಂತ ಹೇಳುವುದಕ್ಕೇ ಅವರು ಅಲ್ಲಿರುವುದು. ಅನುಮಾನ ಬಂದರೆ ಬ್ಯಾಟ್ಸ್‌ಮನ್‌ಗೆ ಬೆನಿಫಿಟ್ ಅನ್ನುವುದು ನಮ್ಮ ಕ್ರಿಕೆಟ್ ಸಂಪ್ರದಾಯ. ಅದನ್ನು ಸೂಟ್‌ಕೇಸಿನಲ್ಲಿ ತಂದು ಇಲ್ಲಿ ಬಿಚ್ಚಿದರೆ ಹೊಂದುವುದಿಲ್ಲ.

ನಿಮ್ಮ ವಿಡಿಯೋ ವಿಷಯಕ್ಕೆ ಬರೋಣ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಈ ಮಾತು ಫೋನ್ ವಿಡಿಯೋಗೇ ಹೇಳಿದಂತಿದೆ.

ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಈ ವಯಸ್ಸಿನ ಹುಡುಗ ಪೂರ್ತಿ ವೇಗದಲ್ಲಿದ್ದಾಗ ಸೆಕೆಂಡಿಗೆ ಸುಮಾರು 25 ಅಡಿ ಓಡುತ್ತಾನೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವನು ಹತ್ತು ಇಂಚು ಮುಂದೆ ಹೋಗಿರುತ್ತಾನೆ. ಶಾರ್ಟ್‌ಸ್ಟಾಪ್ ಎಸೆದ ಚೆಂಡು ಗಂಟೆಗೆ 75 ಮೈಲಿ ವೇಗದ್ದಾದರೆ ಅಷ್ಟೇ ಹೊತ್ತಿನಲ್ಲಿ ಅದು ಮೂರೂವರೆ ಅಡಿಗಿಂತ ಜಾಸ್ತಿ ಬಂದಿರುತ್ತದೆ. ನೀವು ಬೆರಳಿನಿಂದ ಹಿಂದೆ ಮುಂದೆ ಎಳೆದು ನಿಲ್ಲಿಸುವ ಎರಡು ಚಿತ್ರಗಳ ನಡುವೆಯೇ ತೀರ್ಪು ಅಡಗಿ ಕೂತಿರಬಹುದು. ಓರೆಯಾಗಿ ಕೂತು ತೆಗೆದಿದ್ದರೆ ಚೆಂಡು ಗ್ಲೌಸ್ ಒಳಗಿದೆಯೋ ಮುಂದಿದೆಯೋ ಅನ್ನುವುದೂ ಕಾಣಿಸುವುದಿಲ್ಲ.

ಇನ್ನೊಂದಿದೆ, ಇದು ನನಗೇ ಅರ್ಥವಾಗಲು ವರ್ಷಗಳು ಹಿಡಿದವು. ಸದ್ದು. ಫಸ್ಟ್ ಬೇಸ್ ಪಕ್ಕದಲ್ಲೇ ನಿಂತಾಗ ನಾವು ಚೆಂಡನ್ನು ನೋಡುವುದಿಲ್ಲ. ಕಣ್ಣು ಬೇಸಿನ ಮೇಲೆ, ರನ್ನರ್ ಕಾಲಿನ ಮೇಲೆ. ಕಿವಿ ಗ್ಲೌಸ್ ಮೇಲೆ. ಟಪ್ ಅಂತ ಸದ್ದು ಮೊದಲು ಬಂತಾ, ಕಾಲು ಮೊದಲು ಬಿತ್ತಾ? ಹತ್ತಿರ ನಿಂತವನಿಗೆ ಇದು ಒಳ್ಳೆಯ ಅಳತೆ. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಸಾಗುತ್ತದೆ. ಗ್ಯಾಲರಿ ನೂರು ಅಡಿ ದೂರ ಇದ್ದರೆ ಆ ಟಪ್ ನಿಮಗೆ ಕೇಳುವುದು ಹೆಚ್ಚುಕಮ್ಮಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಅಷ್ಟರಲ್ಲಿ ರನ್ನರ್ ಎರಡು ಅಡಿ ಓಡಿರುತ್ತಾನೆ. ಕಾಲು ಬಿದ್ದದ್ದು ಕಣ್ಣಿಗೆ ಕೂಡಲೇ ಕಾಣುತ್ತದೆ, ಚೆಂಡು ಬಂದದ್ದು ಕಿವಿಗೆ ತಡವಾಗಿ ಕೇಳುತ್ತದೆ. ಹಾಗಾಗಿ ದೂರ ಕೂತವರಿಗೆ ಕೂದಲೆಳೆಯ ಔಟ್ ಕೂಡ ಸೇಫ್ ಅನ್ನಿಸುತ್ತದೆ. ಎರಡೂ ತಂಡದ ಅಪ್ಪ ಅಮ್ಮಂದಿರಿಗೂ ಅಷ್ಟೇ. ಫೋನಿನ ಮೈಕೂ ನಿಮ್ಮ ಪಕ್ಕದಲ್ಲೇ ಕೂತಿತ್ತು ತಾನೇ?

ಆದರೆ ಇಲ್ಲಿ ನಿಮ್ಮ ಪರವೂ ಒಂದು ಮಾತಿದೆ, ಮುಚ್ಚಿಡುವುದಿಲ್ಲ. ಅಂಪೈರ್ ದೂರದಲ್ಲಿದ್ದರು ಅಂದಿರಿ, ಅದು ನಿಜ. ಹೈಸ್ಕೂಲಿನ ಮಾಮೂಲಿ ಪಂದ್ಯಕ್ಕೆ ಇಬ್ಬರೇ ಅಂಪೈರ್. ಒಬ್ಬರು ಕ್ಯಾಚರ್ (ಇಲ್ಲಿನ ವಿಕೆಟ್ ಕೀಪರ್ ಅನ್ನಿ) ಹಿಂದೆ, ಇನ್ನೊಬ್ಬರು ಮೂರು ಬೇಸಿಗೂ ಸೇರಿ. ಬೇಸಿನಲ್ಲಿ ಯಾರೂ ಇಲ್ಲದಿದ್ದರೆ ಆ ಎರಡನೆಯವರು ಫಸ್ಟ್ ಬೇಸ್ ಗೆರೆಯ ಹತ್ತಿರ ನಿಲ್ಲುತ್ತಾರೆ. ಥರ್ಡಿನಲ್ಲಿ ರನ್ನರ್ ಇದ್ದರೆ ಒಳಗೆ, ಪಿಚ್ಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಹಿಂದೆ ಥರ್ಡ್ ಬೇಸಿನ ಕಡೆಗೆ ನಿಲ್ಲುವುದು ವಾಡಿಕೆ. ನಿಮ್ಮ ಪಂದ್ಯದಲ್ಲಿ ಅವರು ನಿಂತಿದ್ದು ಅಲ್ಲೇ. ಚೆಂಡು ಶಾರ್ಟ್‌ಸ್ಟಾಪ್‌ಗೆ ಹೋದ ಕೂಡಲೇ ಮೂರು ನಾಲ್ಕು ಹೆಜ್ಜೆ ಫಸ್ಟ್ ಕಡೆ ಹಾಕಿ, ನಿಂತು, ನೋಡಬೇಕು. ಓಡುತ್ತಾ ನೋಡಿದರೆ ಕಣ್ಣು ಕುಣಿಯುತ್ತದೆ. ಅಲ್ಲಿಂದ ಕಿವಿಯನ್ನು ನಂಬುವ ಹಾಗಿಲ್ಲ, ಕಣ್ಣೊಂದೇ ಗತಿ. ನಾವು ಕೊಡುವ ತೀರ್ಪುಗಳಲ್ಲಿ ಇದು ಕಷ್ಟದ್ದು. ಆ ತೀರ್ಪು ತಪ್ಪೇ ಆಗಿದ್ದರೂ ನನಗೆ ಆಶ್ಚರ್ಯ ಆಗುವುದಿಲ್ಲ.

ಮೈದಾನಕ್ಕೆ ಇನ್ನೊಬ್ಬ ಅಂಪೈರ್ ಕರೆಸಬಾರದಾ ಅಂತೀರೇನೋ. ಎಲ್ಲಿಂದ ತರೋಣ? 2018-19ರಿಂದ ಮೂರು ವರ್ಷಗಳಲ್ಲಿ ಅಮೆರಿಕದ ಹೈಸ್ಕೂಲ್ ಆಟಗಳಿಂದ ಎಲ್ಲಾ ಕ್ರೀಡೆ ಸೇರಿ ಸುಮಾರು 50 ಸಾವಿರ ಅಂಪೈರ್, ರೆಫರಿಗಳು ಬಿಟ್ಟುಹೋದರು ಎಂದು ಹೈಸ್ಕೂಲ್ ಕ್ರೀಡೆಗಳ ನಿಯಮ ಬರೆಯುವ ರಾಷ್ಟ್ರೀಯ ಒಕ್ಕೂಟವೇ ಹೇಳಿದೆ. ಕೊರೊನಾ ಒಂದು ಕಾರಣ. ಬೇಲಿಯ ಹತ್ತಿರದ ಕೂಗು ಇನ್ನೊಂದು. ನಿಮ್ಮನ್ನು ಚುಚ್ಚಲು ಹೇಳುತ್ತಿಲ್ಲ, ಇರುವುದು ಹಾಗೆ.

ದೊಡ್ಡವರೂ ತಪ್ಪುತ್ತಾರೆ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅರ್ಮಾಂಡೊ ಗಲರಾಗ ಅನ್ನುವ ಪಿಚ್ಚರ್ ಸತತ 26 ಜನರನ್ನು ಔಟ್ ಮಾಡಿದ್ದರು. 27ನೆಯವರೂ ಔಟಾದರೆ ಪರ್ಫೆಕ್ಟ್ ಗೇಮ್, ಅಂದರೆ ಎದುರು ತಂಡದ ಒಬ್ಬರೂ ಬೇಸ್ ತಲುಪದ ಪಂದ್ಯ. ಫಸ್ಟ್ ಬೇಸಿನಲ್ಲಿ ಸ್ಪಷ್ಟವಾಗಿ ಔಟ್ ಆಗಿದ್ದವನಿಗೆ ಅಂಪೈರ್ ಜಿಮ್ ಜಾಯ್ಸ್ ಸೇಫ್ ಕೊಟ್ಟರು. ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್‌ನಲ್ಲಿ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಅನುಭವ ಇದ್ದವರು, ಬೇಸಿನ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ವಿಡಿಯೋ ನೋಡಿ, ತಪ್ಪು ನನ್ನದೇ ಎಂದು ತಾವಾಗಿ ಒಪ್ಪಿಕೊಂಡರು. ಮರುದಿನದ ಪಂದ್ಯಕ್ಕೆ ಲೈನ್‌ಅಪ್ ಚೀಟಿ (ಆಡುವವರ ಪಟ್ಟಿ) ತಂದು ಅವರ ಕೈಗೆ ಕೊಟ್ಟದ್ದು ಗಲರಾಗ ಅವರೇ. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟಾದರೂ ದಾಖಲೆ ಬದಲಾಗಲಿಲ್ಲ. ಸಿಡ್ನಿಯಲ್ಲಿ 2008ರಲ್ಲಿ ನಮ್ಮ ದ್ರಾವಿಡ್ ಅವರಿಗೆ, ಪ್ಯಾಡಿಗೆ ತಾಗಿದ ಚೆಂಡಿಗೆ ಕ್ಯಾಚ್ ಅಂತ ಬೆರಳೆತ್ತಿದ್ದು ನೆನಪಿದೆಯಲ್ಲ? ಅದೂ ಬದಲಾಗಲಿಲ್ಲ.

ಮೇಜರ್ ಲೀಗ್‌ನಲ್ಲಿ 2014ರಿಂದ ಹೆಚ್ಚಿನ ತೀರ್ಪುಗಳಿಗೆ ವಿಡಿಯೋ ಪರಿಶೀಲನೆ ಬಂದಿದೆ, 2026ರಿಂದ ಬಾಲ್-ಸ್ಟ್ರೈಕನ್ನೂ (ಪಿಚ್ಚರ್ ಎಸೆದ ಚೆಂಡು ಸರಿಯಾದ ಜಾಗದಲ್ಲಿ ಬಂತೋ ಇಲ್ಲವೋ ಅನ್ನುವ ತೀರ್ಪು) ಆಟಗಾರ ಪ್ರಶ್ನಿಸಬಹುದು. ಟಿವಿಯಲ್ಲಿ ಅದನ್ನು ನೋಡಿ ಬಂದವರಿಗೆ ಶಾಲೆಯ ಮೈದಾನದಲ್ಲೂ ಇರಬೇಕು ಅನ್ನಿಸುತ್ತದೆ. ಇಲ್ಲಿ ಅದೆಲ್ಲ ಇಲ್ಲ. ಕೋಚ್ ಫೋನ್ ಹಿಡಿದುಕೊಂಡು ಬಂದರೂ ನಾನು ನೋಡುವ ಹಾಗಿಲ್ಲ. ಎಷ್ಟೋ ಸಲ ನೋಡಬೇಕು ಅಂತ ಕೈ ತುರಿಸುತ್ತದೆ, ಆದರೂ ಇಲ್ಲ.

ಅಂಪೈರ್ ಎದುರು ತಂಡದ ಕೋಚ್ ಜೊತೆ ನಗುತ್ತಿದ್ದರು ಅಂದಿರಿ. ಪಂದ್ಯಕ್ಕೆ ಮುಂಚೆ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹತ್ತಿರ ಇಬ್ಬರು ಕೋಚ್‌ಗಳ ಜೊತೆ ಮಾತುಕತೆ ಇದ್ದೇ ಇರುತ್ತದೆ. ಒಂದೇ ಊರಿನಲ್ಲಿ ಹತ್ತು ವರ್ಷ ಅಂಪೈರಿಂಗ್ ಮಾಡಿದವನಿಗೆ ಸುತ್ತಲಿನ ಕೋಚ್‌ಗಳೆಲ್ಲ ಪರಿಚಯ, ನಿಮ್ಮ ಕೋಚ್ ಕೂಡ. ಇದರಲ್ಲಿ ನನಗೇನೂ ಕಾಣುವುದಿಲ್ಲ.

ಇಂಡಿಯನ್ ಹುಡುಗ ಅಂತಲಾ ಅನ್ನುವ ಪ್ರಶ್ನೆಯನ್ನು ಮಾತ್ರ ಸುಮ್ನೆ ತಳ್ಳಿಹಾಕುವುದಿಲ್ಲ. ಮೈದಾನದಲ್ಲಿ ನನ್ನ ಹೆಸರು, ಬಣ್ಣ ನೋಡಿ "ಇವನಿಗೆ ಬೇಸ್‌ಬಾಲ್ ಏನು ಗೊತ್ತು" ಅಂದವರನ್ನು ಕಂಡಿದ್ದೇನೆ. ಆದರೆ ಕೂದಲೆಳೆಯ ಒಂದು ತೀರ್ಪು ಯಾರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವುದಿಲ್ಲ. ಹೆಲ್ಮೆಟ್ ಹಾಕಿ ಓಡುವ ಹುಡುಗನಲ್ಲಿ ಆ ಕ್ಷಣಕ್ಕೆ ನಮಗೆ ಕಾಣುವುದು ಒಂದು ಶೂ ಮಾತ್ರ. ಮಗನನ್ನು ಒಂದೇ ಮಾತು ಕೇಳಿ, ಅಂಪೈರ್ ಆಗಲಿ ಎದುರಾಳಿಗಳಾಗಲಿ ಬಾಯಲ್ಲಿ ಏನಾದರೂ ಅಂದರಾ ಅಂತ. ಅಂದಿದ್ದರೆ ಅದು ಔಟ್-ಸೇಫ್ ವಿಷಯವೇ ಅಲ್ಲ. ಅಂಥದ್ದಕ್ಕೆ ತಡ ಮಾಡಬೇಡಿ, ಅವತ್ತೇ ಕೋಚ್‌ಗೂ ಶಾಲೆಯ ಅಥ್ಲೆಟಿಕ್ ಡೈರೆಕ್ಟರ್‌ಗೂ ಬರೆದು ತಿಳಿಸಬೇಕು. ಅಂದಿಲ್ಲದಿದ್ದರೆ ಆ ಅನುಮಾನವನ್ನು ಅವನ ತಲೆಗೆ ಹಾಕಬೇಡಿ.

ಹಾಗಾದರೆ ಏನು ಮಾಡಬಹುದಿತ್ತು?

ಆ ಹೊತ್ತಿನಲ್ಲಿ ಏನಾದರೂ ಮಾಡಬಹುದಾಗಿದ್ದವರು ಒಬ್ಬರೇ, ಹೆಡ್ ಕೋಚ್. ಟೈಮ್ ಕೇಳಿ, ನಡೆದು ಬಂದು, ತೀರ್ಪು ಕೊಟ್ಟ ಅಂಪೈರ್ ಹತ್ತಿರವೇ ಮೆಲ್ಲಗೆ ಮಾತಾಡಬಹುದು. ಔಟ್-ಸೇಫ್, ಬಾಲ್-ಸ್ಟ್ರೈಕ್‌ನಂಥ ಕಣ್ಣಿನ ತೀರ್ಪು ಅಂತಿಮ ಅಂತ ನಿಯಮವೇ ಹೇಳುತ್ತದೆ. ಆದರೆ ಜೊತೆಯವರಿಗೆ ಬೇರೇನಾದರೂ ಕಂಡಿರಬಹುದು, ಫಸ್ಟ್ ಬೇಸ್‌ಮನ್ ಕಾಲು ಬೇಸಿನಿಂದ ಎದ್ದದ್ದು, ಚೆಂಡು ಕೈಯಿಂದ ಜಾರಿದ್ದು, ಹೀಗೆ. ಅದನ್ನು ಕೇಳಿ ನೋಡಿ ಅನ್ನಬಹುದು. ಕೇಳುವುದು ಬಿಡುವುದು ಅಂಪೈರ್ ಇಷ್ಟ.

ನನ್ನ ಮೂರನೇ ಸೀಸನ್ನಿನಲ್ಲಿ ಒಬ್ಬ ಕೋಚ್ ಹೀಗೇ ಬಂದು, "ಕಾಲು ಬೇಸಿನ ಮೇಲಿತ್ತಾ ಅಂತ ನಿಮ್ಮ ಜೊತೆಯವರನ್ನು ಕೇಳ್ತೀರಾ" ಅಂದರು. ನನಗೆ ಅಹಂಕಾರ. ನಾನು ನೋಡಿದ್ದೇನೆ, ಔಟ್ ಅಂದೆ. ಪಂದ್ಯ ಮುಗಿದು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಡಿಕ್ಕಿ ತೆರೆದು ಅದರ ಅಂಚಿಗೆ ಕೂತು ಮೊಣಕಾಲಿನ ಪ್ಯಾಡ್ ಬಿಚ್ಚುತ್ತಾ ನನ್ನ ಜೊತೆಗಾರ ಹೇಳಿದರು: "ಕಾಲು ಒಂದು ಗೇಣು ಆಚೆ ಇತ್ತು. ನೀನು ಕೇಳಿದ್ದರೆ ಹೇಳುತ್ತಿದ್ದೆ." ಅವರ ಬೆರಳುಗಳ ನಡುವಿನ ಆ ಅಳತೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿಂದ ಈಚೆಗೆ ಯಾರಾದರೂ ಮರ್ಯಾದೆಯಿಂದ ಕೇಳಿದರೆ ನಾನು ಹೋಗಿ ಕೇಳುತ್ತೇನೆ. ಕೂಗುತ್ತಾ ಬಂದರೆ ಕೇಳುವುದು ಕಷ್ಟ, ನಾನೂ ಮನುಷ್ಯನೇ. ಜೋರು ಮಾಡಿದ ಕೋಚನ್ನೋ ಹುಡುಗನನ್ನೋ ಹೊರಗೆ ಹಾಕಿದರೆ, ಸಾಮಾನ್ಯವಾಗಿ ಮುಂದಿನ ಒಂದು ಪಂದ್ಯವಾದರೂ ಅವರಿಗೆ ತಪ್ಪುತ್ತದೆ. ಎಷ್ಟು ಅನ್ನುವುದು ರಾಜ್ಯಕ್ಕೆ ಬಿಟ್ಟದ್ದು.

ನಿಯಮವನ್ನೇ ತಪ್ಪಾಗಿ ಹಚ್ಚಿದ್ದರೆ ಕತೆ ಬೇರೆ. ಫೀಲ್ಡರ್ ಎಸೆದ ಚೆಂಡು ಡಗೌಟಿಗೆ (ಆಟಗಾರರು ಕೂರುವ ಜಾಗ) ಹೋದರೆ ರನ್ನರ್‌ಗಳಿಗೆ ಎರಡು ಬೇಸ್ ಸಿಗಬೇಕು. ಅಂಪೈರ್ ಒಂದೇ ಕೊಟ್ಟರು ಅನ್ನಿ. ಇಲ್ಲಿ ಕಣ್ಣಿನ ಮಾತಿಲ್ಲ, ಪುಸ್ತಕದ ಮಾತು. ಕೋಚ್ ಕೂಡಲೇ, ಮುಂದಿನ ಪಿಚ್ ಎಸೆಯುವುದರೊಳಗೆ ಹೇಳಿದರೆ ತಿದ್ದಬಹುದು. ಕೆಲವು ರಾಜ್ಯ, ಲೀಗ್‌ಗಳಲ್ಲಿ ಇಂಥದ್ದಕ್ಕೆ ಅಧಿಕೃತವಾಗಿ ಪ್ರೊಟೆಸ್ಟ್ ಕೂಡ ಸಲ್ಲಿಸಬಹುದು, ಕೆಲವದರಲ್ಲಿ ಅದಕ್ಕೆ ಅವಕಾಶವೇ ಇಲ್ಲ. ನಿಮ್ಮ ಇನ್‌ಫೀಲ್ಡ್ ಫ್ಲೈಯಲ್ಲಿ ತಪ್ಪಾಗಿದ್ದರೆ ದಾರಿ ಇದಿತ್ತು. ಆದರೆ ತಪ್ಪಾಗಿಲ್ಲ.

ಇನ್ನು ವಿಡಿಯೋ ಕಳಿಸುವುದು. ಅಥ್ಲೆಟಿಕ್ ಡೈರೆಕ್ಟರ್‌ಗೆ ಕಳಿಸಬಹುದು, ತಡೆಯುವವರು ಯಾರೂ ಇಲ್ಲ. ಫಲಿತಾಂಶ ಬದಲಾಗುವುದಿಲ್ಲ, ಅದು ಖಚಿತ. ಹೆಚ್ಚೆಂದರೆ ಅಂಪೈರ್‌ಗಳನ್ನು ಪಂದ್ಯಗಳಿಗೆ ಹಂಚುವವರಿಗೆ ಒಂದು ಮಾತು ಹೋಗುತ್ತದೆ. ಒಂದು ಕ್ಲೋಸ್ ತೀರ್ಪಿಗೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಅಂಪೈರ್ ತಡವಾಗಿ ಬರುತ್ತಾರೆ, ಜಾಗಕ್ಕೆ ಹೋಗದೆ ನಿಂತಲ್ಲಿಂದಲೇ ತೀರ್ಪು ಕೊಡುತ್ತಾರೆ, ಹುಡುಗರ ಮೇಲೆ ರೇಗುತ್ತಾರೆ, ಅದೂ ಮೂರು ನಾಲ್ಕು ಪಂದ್ಯಗಳಲ್ಲಿ ಅಂದರೆ ಕಿವಿಗೊಡುತ್ತಾರೆ. ಅಂಥದ್ದು ಇದ್ದರೆ ಅದು ಕೋಚ್ ಮೂಲಕ ಹೋಗುವುದು ಒಳ್ಳೆಯದು. ನೀವು ನೇರ ಬರೆದರೆ, ಕೋಚ್‌ಗೆ ನಿಮ್ಮ ಹೆಸರು ತಪ್ಪು ಕಾರಣಕ್ಕೆ ನೆನಪಿರುತ್ತದೆ. ಮಗನಿಗೆ ಇನ್ನೂ ಎರಡು ವರ್ಷ ಆಡುವುದಿದೆ. ವಾಟ್ಸಾಪ್ ಗ್ರೂಪಿಗೋ ಫೇಸ್‌ಬುಕ್ಕಿಗೋ ಅಂತೂ ಹಾಕಬೇಡಿ. ಆ ಅಂಪೈರ್ ಸಂಜೆ ನಾಲ್ಕಕ್ಕೆ ಆಫೀಸಿನಿಂದ ಓಡಿಬಂದ ನಿಮ್ಮೂರಿನವರೇ ಆಗಿರುತ್ತಾರೆ.

ಕೋರ್ಟ್? ನೀವು ಕೇಳಿಲ್ಲ, ಆದರೆ ಈ ಪ್ರಶ್ನೆ ಕೇಳುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ. 1981ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಒಂದು ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಪಂದ್ಯದ ರೆಫರಿ ನಿಯಮವನ್ನೇ ತಪ್ಪಾಗಿ ಹಚ್ಚಿದರು. ಕೆಳಗಿನ ಕೋರ್ಟು ಆ ಜಾಗದಿಂದಲೇ ಪಂದ್ಯ ಮತ್ತೆ ಆಡಿಸಿ ಎಂದು ಆದೇಶ ಕೊಟ್ಟೇಬಿಟ್ಟಿತು. ರಾಜ್ಯದ ಸುಪ್ರೀಂ ಕೋರ್ಟು, ರೆಫರಿ ತೀರ್ಪು ವಿಚಾರಿಸುವುದು ನಮ್ಮ ಕೆಲಸವಲ್ಲ ಎಂದು ಅದನ್ನು ತಳ್ಳಿಹಾಕಿತು. ನಮ್ಮ ನ್ಯೂಜೆರ್ಸಿಯಲ್ಲಿ 2024ರ ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ಲಿನ ಕೊನೆಯ ಬಾಸ್ಕೆಟ್ ರದ್ದು ಮಾಡಿದ್ದು ತಪ್ಪು ಎಂದು ರಾಜ್ಯ ಸಂಸ್ಥೆಯೇ ಒಪ್ಪಿತು. ಶಾಲೆಯವರು ಕಾನೂನಿನ ಬಾಗಿಲು ತಟ್ಟಿದರು. ಫಲಿತಾಂಶ ಹಾಗೇ ಉಳಿಯಿತು.

ಉಳಿದದ್ದು ಮಗ. ಅವನು ಔಟ್ ಆದದ್ದಕ್ಕಿಂತ ನೀವು ಬೇಲಿಗೆ ಬಂದದ್ದು ಅವನಿಗೆ ಜಾಸ್ತಿ ನೋವಾಗಿದೆ ಅಂತ ನನ್ನ ಊಹೆ. ತಂಡದ ಮುಂದೆ ಆಗಿದ್ದಲ್ವಾ, ಆ ವಯಸ್ಸಿಗೆ ಅದು ದೊಡ್ಡದು. "ಕೂಗಬಾರದಿತ್ತು" ಅಂತ ಒಂದು ಸಲ ಹೇಳಿಬಿಡಿ, ಅಷ್ಟು ಸಾಕು. "ಆದರೆ ಅಂಪೈರ್ ಕೂಡ..." ಅಂತ ಬಾಲ ಸೇರಿಸಬೇಡಿ. ಅವನು ಒಪ್ಪಿದರೆ ಮುಂದಿನ ಪಂದ್ಯಕ್ಕೆ ಹೋಗಿ ಗ್ಯಾಲರಿ ಬಿಟ್ಟು, ಫಸ್ಟ್ ಬೇಸಿಗೆ ನೇರವಾಗಿ ಬೇಲಿಯ ಹೊರಗೆ ನಿಲ್ಲಿ. ಫೋನ್ ಜೇಬಿನಲ್ಲಿರಲಿ. ನಿಮ್ಮ ತಂಡದ್ದಲ್ಲ, ಎದುರು ತಂಡದ ರನ್ನರ್ ಓಡಿಬರುವಾಗ ಬೇಸನ್ನೇ ನೋಡಿ, ಗ್ಲೌಸಿನ ಸದ್ದು ಕೇಳಿ, ಅಂಪೈರ್ ಕೈ ಎತ್ತುವುದಕ್ಕೆ ಮುಂಚೆ ಮನಸ್ಸಿನಲ್ಲೇ ತೀರ್ಪು ಕೊಡಿ. ಹತ್ತು ಸಲ ಮಾಡಿ, ಎಷ್ಟು ಹೊಂದಿತು ಅಂತ ನನಗೆ ಬರೆಯಿರಿ.